ಎರಡು ಸೈನ್ಯಗಳ ನಡುವೆ ನಡೆದ ಕಾರ್ಡಿನಲ್ ಸಮೊರೆ

1978ರ ಕ್ರಿಸ್ಮಸ್ ವಾರ. ಲೋಕವೆಲ್ಲ ಹಬ್ಬದ ಸಂಭ್ರಮದಲ್ಲಿದ್ದಾಗ 73 ವರ್ಷ ಪ್ರಾಯದ, ಆರೋಗ್ಯ ಅಷ್ಟಕ್ಕಷ್ಟೇ ಇದ್ದ ಒಬ್ಬ ಕಾರ್ಡಿನಲ್ ರೋಮ್‌ನಿಂದ ದಕ್ಷಿಣ ಅಮೆರಿಕಕ್ಕೆ ಹೊರಟರು. ಅರ್ಜೆಂಟೀನಾ ಮತ್ತು ಚಿಲಿ, ಎರಡೂ ಕಥೋಲಿಕ ರಾಷ್ಟ್ರಗಳು, ಯುದ್ಧದ ಹೊಸ್ತಿಲಲ್ಲಿದ್ದವು.

ಆಂಟೋನಿಯೊ ಸಮೊರೆಯವರು 1905ರ ಡಿಸೆಂಬರ್ 4ರಂದು ಇಟಲಿಯ ಬಾರ್ದಿಯಲ್ಲಿ ಜನಿಸಿದರು. 1928ರಲ್ಲಿ ಗುರುದೀಕ್ಷೆ. ಬಳಿಕ ಪವಿತ್ರ ಪೀಠದ ರಾಯಭಾರ ಸೇವೆಗೆ ಸೇರಿ ಲಿಥುವೇನಿಯ, ಸ್ವಿಟ್ಸರ್ಲೆಂಡ್, ಅಮೆರಿಕಗಳಲ್ಲಿ ದುಡಿದರು. 1950ರಲ್ಲಿ ಮಹಾಧರ್ಮಾಧ್ಯಕ್ಷರಾಗಿ ಕೊಲಂಬಿಯಕ್ಕೆ ಪೋಪರ ರಾಯಭಾರಿಯಾದರು. 1967ರಲ್ಲಿ ಕಾರ್ಡಿನಲ್ ಪದವಿ. 1974ರಿಂದ ವಾಟಿಕನ್ ಗ್ರಂಥಾಲಯ ಮತ್ತು ದಾಖಲೆಗಳ ಹೊಣೆ. ಆ ಪ್ರಾಯದಲ್ಲಿ ಇನ್ನು ಪುಸ್ತಕಗಳ ನಡುವೆ ನೆಮ್ಮದಿಯಿಂದ ಇರಬಹುದಿತ್ತು.

ಜಗಳ ಬೀಗಲ್ ಕಾಲುವೆಯ ಪಿಕ್ಟನ್, ನ್ಯೂವಾ, ಲೆನಾಕ್ಸ್ ಎಂಬ ಮೂರು ಸಣ್ಣ ದ್ವೀಪಗಳದ್ದು. 1881ರ ಗಡಿ ಒಪ್ಪಂದವನ್ನು ಎರಡು ದೇಶಗಳು ಎರಡು ಬಗೆಯಲ್ಲಿ ಓದಿದ್ದವು. ದ್ವೀಪ ಸಿಕ್ಕಿದರೆ ಸುತ್ತಲಿನ ಕಡಲೂ ಸಿಗುತ್ತದೆ. ಅದರ ಬೆಲೆ ಏನೆಂದು ಕರಾವಳಿಯವರಾದ ನಮಗೆ ಹೇಳಬೇಕಿಲ್ಲ. 1977ರಲ್ಲಿ ಐವರು ನ್ಯಾಯಾಧೀಶರ ಪಂಚಾಯ್ತಿ ನ್ಯಾಯಾಲಯ ದ್ವೀಪಗಳು ಚಿಲಿಗೆ ಸೇರಿದ್ದೆಂದು ತೀರ್ಪಿತ್ತಿತು. 1978ರ ಜನವರಿಯಲ್ಲಿ ಅರ್ಜೆಂಟೀನಾ ಅದನ್ನು ತಿರಸ್ಕರಿಸಿತು. ಡಿಸೆಂಬರ್ 22ರ ಸುಮಾರಿಗೆ ಅದರ ನೌಕಾಪಡೆ ದ್ವೀಪಗಳತ್ತ ಸಾಗುತ್ತಿತ್ತು. ಕಡಲಲ್ಲಿ ಬಿರುಗಾಳಿ ಎದ್ದು ಹಡಗುಗಳು ತಡವಾದವು. ಅಷ್ಟರಲ್ಲಿ, ಪೀಠವೇರಿ ಎರಡು ತಿಂಗಳಷ್ಟೇ ಆಗಿದ್ದ ಪೋಪ್ ಎರಡನೇ ಜಾನ್ ಪೌಲರು ತಮ್ಮ ಪ್ರತಿನಿಧಿಯನ್ನು ಕಳುಹಿಸುವುದಾಗಿ ತಿಳಿಸಿದರು. ದಾಳಿ ನಿಂತಿತು.

ಸಮೊರೆಯವರು ಬ್ಯೂನಸ್ ಐರಿಸ್ ಮತ್ತು ಸಾಂಟಿಯಾಗೊ ನಡುವೆ ಮತ್ತೆ ಮತ್ತೆ ಓಡಾಡಿದರು. ಎದುರಿಗಿದ್ದವರು ಸೇನಾಧಿಕಾರಿಗಳಾದ ವಿಡೇಲ ಮತ್ತು ಪಿನೋಚೆ. ಇಬ್ಬರ ಕೈಗೂ ಸ್ವಂತ ಪ್ರಜೆಗಳ ರಕ್ತ ಅಂಟಿತ್ತು. ಅಂಥವರೊಡನೆ ಕುಳಿತು ಮಾತಾಡುವುದು ಸರಿಯೇ ಎಂಬ ಪ್ರಶ್ನೆ ನಮ್ಮಲ್ಲೂ ಏಳುತ್ತದೆ. ಆದರೆ ಯುದ್ಧವಾಗಿದ್ದರೆ ಸಾಯುತ್ತಿದ್ದವರು ಆ ಇಬ್ಬರಲ್ಲ. 1979ರ ಜನವರಿ 8ರಂದು ಮಾಂಟೆವಿಡಿಯೊದಲ್ಲಿ ಎರಡೂ ದೇಶಗಳು ಸಹಿ ಹಾಕಿದವು: ಬಲಪ್ರಯೋಗ ಮಾಡುವುದಿಲ್ಲ, ಸೇನೆಯನ್ನು 1977ರ ಆರಂಭದ ಸ್ಥಿತಿಗೆ ತರುತ್ತೇವೆ, ಪವಿತ್ರ ಪೀಠವೇ ಮಧ್ಯಸ್ಥಿಕೆ ವಹಿಸಲಿ.

ಗಮನಿಸಿ, ದ್ವೀಪ ಯಾರದ್ದೆಂಬ ಬಗ್ಗೆ ಆ ಪತ್ರದಲ್ಲಿ ಒಂದು ಮಾತೂ ಇರಲಿಲ್ಲ. ನ್ಯಾಯಾಧೀಶರು ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ. ಮಧ್ಯಸ್ಥರು ನಮ್ಮ ವಾಳೆಯ ಗುರ್ಕಾರರ ಹಾಗೆ, ಎರಡೂ ಮನೆಯವರು ಒಪ್ಪುವ ತನಕ ಜಗಲಿ ಬಿಟ್ಟು ಏಳುವಂತಿಲ್ಲ.

ವಾಟಿಕನ್ನಿನಲ್ಲಿ ಆ ಕೆಲಸ ವರ್ಷಗಟ್ಟಲೆ ನಡೆಯಿತು. 1980ರ ಡಿಸೆಂಬರ್ 12ರಂದು ಪೋಪರು ಪ್ರಸ್ತಾವವೊಂದನ್ನು ಕೊಟ್ಟರು. ಅದರಂತೆ ದ್ವೀಪಗಳು ಚಿಲಿಗೆ, ಆಚೆಗಿನ ಕಡಲಲ್ಲಿ ಇಬ್ಬರಿಗೂ ಪಾಲು. ಚಿಲಿ ಒಪ್ಪಿತು, ಅರ್ಜೆಂಟೀನಾ ಒಪ್ಪಲಿಲ್ಲ. 1982ರಲ್ಲಿ ಅದು ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ನಿನೊಡನೆ ಕಾದಾಡಿ ಸೋತಿತು. ಆ ವರ್ಷವೂ ಸಮೊರೆಯವರು ಎರಡೂ ಕಡೆಯವರನ್ನು ಮೇಜು ಬಿಟ್ಟು ಹೋಗದಂತೆ ಹಿಡಿದಿಟ್ಟರು. 1983ರ ಫೆಬ್ರವರಿ 3ರಂದು ಅವರು ರೋಮ್‌ನಲ್ಲಿ ನಿಧನರಾದರು. ಒಪ್ಪಂದ ಆಗಿರಲಿಲ್ಲ.

ಆದರೆ ಕಡತ ಮುಚ್ಚಲಿಲ್ಲ. ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಕಸರೋಲಿಯವರ ಕಚೇರಿ ಅದನ್ನು ಮುಂದುವರಿಸಿತು. ಒಬ್ಬ ವ್ಯಕ್ತಿಯ ಪುಣ್ಯಕಾರ್ಯಕ್ಕೂ ಒಂದು ಸಂಸ್ಥೆಯ ಕೆಲಸಕ್ಕೂ ಇರುವ ವ್ಯತ್ಯಾಸ ನಮಗೆ ಇಲ್ಲಿ ಕಾಣುತ್ತದೆ. 1983ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾಕ್ಕೆ ಪ್ರಜಾಪ್ರಭುತ್ವ ಮರಳಿತು. ಅಧ್ಯಕ್ಷ ಅಲ್ಫೊನ್ಸಿನ್ ಈ ವಿಷಯವನ್ನು ನೇರ ಜನರ ಮುಂದಿಟ್ಟರು. 1984ರ ನವೆಂಬರ್ 25ರ ಜನಮತದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ನಾಲ್ಕು ದಿನಗಳ ಬಳಿಕ, ನವೆಂಬರ್ 29ರಂದು, ವಾಟಿಕನ್ನಿನಲ್ಲಿ ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಬಿತ್ತು.

ಆಂಡಿಸ್ ಪರ್ವತದಲ್ಲಿ ಎರಡು ದೇಶಗಳನ್ನು ಕೂಡಿಸುವ ಒಂದು ಕಣಿವೆ ದಾರಿಗೆ ಈಗ ಕಾರ್ಡಿನಲ್ ಸಮೊರೆಯವರ ಹೆಸರಿದೆ. ಬಸ್ಸುಗಳೂ ಲಾರಿಗಳೂ ಅದರಲ್ಲಿ ಗಡಿ ದಾಟುತ್ತವೆ.