ತೀರ್ಪಿಗೆ ತಲೆಬಾಗಿದ ನಮ್ಮ ಸೀಮೆಯ ನಾಯಕ



ಹಿಂದೂಪುರದ ಬಸ್ ನಿಲ್ದಾಣದಲ್ಲಾಗಲಿ ಕಲ್ಯಾಣದುರ್ಗದ ಚಹಾ ಅಂಗಡಿಯಲ್ಲಾಗಲಿ ರಾಜಕೀಯದ ಮಾತು ಬಂದರೆ, ಸಂವಿಧಾನ ಇರುವುದು ಪುಸ್ತಕದಲ್ಲಿ, ದೊಡ್ಡವರಿಗೆ ಅದು ತಟ್ಟುವುದಿಲ್ಲ ಎನ್ನುವವರೇ ಹೆಚ್ಚು. ನಾವೂ ತಲೆಯಾಡಿಸಿ ಮನೆಗೆ ಬರುತ್ತೇವೆ. ಅಂಥ ಹೊತ್ತಿನಲ್ಲಿ ನಾವು ನೆನೆಯಬೇಕಾದವರು ಅನಂತಪುರ ಸೀಮೆಯವರೇ ಆದ ನೀಲಂ ಸಂಜೀವ ರೆಡ್ಡಿಯವರು.

ಅವರು ಹುಟ್ಟಿದ್ದು 1913ರ ಮೇ 19ರಂದು, ಇಲ್ಲೂರು ಗ್ರಾಮದ ರೈತ ಮನೆತನದಲ್ಲಿ. 1929ರಲ್ಲಿ ಗಾಂಧೀಜಿ ಅನಂತಪುರಕ್ಕೆ ಬಂದುಹೋದ ಮೇಲೆ ಅವರ ಮನಸ್ಸು ಚಳವಳಿಯ ಕಡೆ ತಿರುಗಿತು. 1931ರಲ್ಲಿ ಕಾಲೇಜು ಬಿಟ್ಟರು. 1940ರಿಂದ 1945ರವರೆಗಿನ ಹೆಚ್ಚಿನ ಕಾಲವನ್ನು ಸೆರೆಮನೆಯಲ್ಲೇ ಕಳೆದರು. ಮುಂದೆ ಮದರಾಸು ಪ್ರಾಂತ್ಯದಿಂದ ಸಂವಿಧಾನ ಸಭೆಯ ಸದಸ್ಯರಾದರು. ಯೇಸುಸಭೆಯ ಗುರುಗಳಾದ, ಮಂಗಳೂರಿನ ಫಾದರ್ ಜೆರೋಮ್ ಡಿಸೋಜರೂ ಅದೇ ಪ್ರಾಂತ್ಯದಿಂದ ಆ ಸಭೆಯಲ್ಲಿದ್ದರು. ನಮ್ಮ ಧರ್ಮ, ನಮ್ಮ ಭಾಷೆ, ನಮ್ಮ ಶಾಲೆಗಳಿಗೆ ರಕ್ಷಣೆ ಕೊಟ್ಟ 25, 29, 30ನೇ ವಿಧಿಗಳು ರೂಪುಗೊಂಡದ್ದು ಆ ಸಭೆಯಲ್ಲೇ.

1956ರಲ್ಲಿ ಆಂಧ್ರಪ್ರದೇಶ ರಚನೆಯಾದಾಗ ರೆಡ್ಡಿಯವರು ಅದರ ಮೊದಲ ಮುಖ್ಯಮಂತ್ರಿಯಾದರು. 1962ರಲ್ಲಿ ಮತ್ತೆ ಆ ಪದವಿಗೆ ಬಂದರು. ಅವರ ಸರ್ಕಾರ ಕರ್ನೂಲು ಜಿಲ್ಲೆಯ ಬಸ್ ಮಾರ್ಗಗಳನ್ನು ರಾಷ್ಟ್ರೀಕರಣ ಮಾಡಲು ಹೊರಟಿತು. ರಾಜಕೀಯ ವಿರೋಧಿಗಳಿಗೆ ಪೆಟ್ಟು ಕೊಡಲೆಂದೇ ಹೀಗೆ ಮಾಡಿದ್ದಾರೆಂದು ಖಾಸಗಿ ಬಸ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯಮಂತ್ರಿಗಳು ತಾವೇ ಪ್ರಮಾಣಪತ್ರ ಸಲ್ಲಿಸಿ ಆ ಆರೋಪವನ್ನು ಅಲ್ಲಗಳೆದಿರಲಿಲ್ಲ. 1964ರ ಜನವರಿಯಲ್ಲಿ ಕೋರ್ಟು ಆರೋಪವನ್ನು ಒಪ್ಪಿ ಯೋಜನೆಯನ್ನು ರದ್ದುಮಾಡಿತು.

ಕುರ್ಚಿ ಬಿಡಬೇಕೆಂದು ಕೋರ್ಟು ಹೇಳಿರಲಿಲ್ಲ. ಶಾಸನಸಭೆಯಲ್ಲಿ ಬಹುಮತ ಅವರ ಪಕ್ಷದ್ದೇ. ಕಾನೂನು ತಿದ್ದಿಯೋ ಕೋರ್ಟನ್ನು ಹಳಿದೋ ದಿನ ನೂಕಬಹುದಿತ್ತು. ಅವರು ಹಾಗೆ ಮಾಡದೆ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು.

1967ರಲ್ಲಿ ಹಿಂದೂಪುರದ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. ಸಭಾಧ್ಯಕ್ಷರಾದ ಕೂಡಲೇ, ಆ ಪೀಠ ಯಾವ ಪಕ್ಷಕ್ಕೂ ಸೇರಿದ್ದಲ್ಲವೆಂದು ತಮ್ಮ ಪಕ್ಷದ ಸದಸ್ಯತ್ವವನ್ನೇ ಬಿಟ್ಟರು. 1969ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತಾಗ, ಊರಿಗೆ ಬಂದು ಬೇಸಾಯ ಹಿಡಿದರು. ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ತುರ್ತು ಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿಡಲಾಗದಂತೆ ಮಾಡಿದ 44ನೇ ತಿದ್ದುಪಡಿಗೆ ಅಂಕಿತ ಹಾಕಿದವರು ಅವರೇ.

ಅವರನ್ನು ದೂರಿದವರೂ ಇದ್ದರು. 1979ರ ಆಗಸ್ಟಿನಲ್ಲಿ ಲೋಕಸಭೆಯನ್ನು ವಿಸರ್ಜಿಸಿ, ಜಗಜೀವನ ರಾಮ್ ಅವರಿಗೆ ಬಹುಮತ ತೋರಿಸಲು ಅವಕಾಶ ಕೊಡಲಿಲ್ಲವೆಂಬ ಆಕ್ಷೇಪ ಇಂದಿಗೂ ಇದೆ. ನಿವೃತ್ತಿಯ ಬಳಿಕ ಅನಂತಪುರಕ್ಕೆ ಮರಳಿದ ಅವರು 1996ರ ಜೂನ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿನ ಕಲ್ಪಳ್ಳಿಯಲ್ಲಿದೆ.

ರೆಡ್ಡಿಯವರನ್ನು ನಾವು ಸಂತರೆನ್ನುವುದಿಲ್ಲ. 1964ರ ತಪ್ಪು ಅವರ ಸರ್ಕಾರದ್ದೇ. ತಪ್ಪನ್ನು ಎತ್ತಿ ತೋರಿಸಿದಾಗ ಅವರು ನಡೆದುಕೊಂಡ ರೀತಿಯೇ ನಮಗೆ ಪಾಠ. ಪಾಪನಿವೇದನೆಯ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ಇಂದು ಕೋರ್ಟಿನ ಆದೇಶವನ್ನು ಕಡೆಗಣಿಸಿದರೆಂಬ ಸುದ್ದಿ ಓದಿ ನಾವು ಪುಟ ತಿರುಗಿಸಿಬಿಡುತ್ತೇವೆ. ಆ ಆದೇಶ ಬೇರೆಯವರನ್ನು ಕಾಪಾಡುವಂಥದ್ದಾದರೆ ನಮಗೇನು ಎನಿಸುತ್ತದೆ. ಎಣಿಕೆಯಲ್ಲಿ ಕಡಿಮೆ ಇರುವ ನಾವು ಮಾತ್ರ ಹೀಗೆ ಯೋಚಿಸುವಂತಿಲ್ಲ, ಏಕೆಂದರೆ ನಮಗಿರುವ ಆಸರೆಯೂ ಅದೇ ಪುಸ್ತಕ. ಬರುವ ನವೆಂಬರ್ 26ರ ಸಂವಿಧಾನ ದಿನದಂದು ಪ್ರತಿ ಮನೆಯಲ್ಲೂ ಮಕ್ಕಳೊಂದಿಗೆ ಪೀಠಿಕೆಯನ್ನು ಕನ್ನಡದಲ್ಲೋ ತೆಲುಗಿನಲ್ಲೋ ಒಮ್ಮೆ ಓದೋಣ. ಮುಂದಿನ ಸಲ ಚಹಾ ಅಂಗಡಿಯಲ್ಲಿ ಆ ಮಾತು ಬಂದಾಗ, ಸುಮ್ಮನೆ ತಲೆಯಾಡಿಸದೆ ರೆಡ್ಡಿಯವರ ರಾಜೀನಾಮೆಯ ಕಥೆ ಹೇಳೋಣ.