ಹೋದ ಊರಿನವರೇ ಆಗಿಬಿಟ್ಟ ಇಬ್ನ್ ಬತೂತ

ಗಲ್ಫ್‌ಗೆ ಹೊರಟ ಹುಡುಗನ ಪೆಟ್ಟಿಗೆಗೆ ಉಮ್ಮ ಉಪ್ಪಿನಕಾಯಿ ಬಾಟಲಿ, ಒಣಮೀನು ತುಂಬಿಸಿ ಕಳಿಸುವುದು ನಮ್ಮ ಮನೆಗಳಲ್ಲಿ ಹೊಸ ವಿಷಯ ಅಲ್ಲ. ಅಲ್ಲಿ ಇಳಿದ ಮೊದಲ ವಾರ ಹುಡುಗನಿಗೆ ದಿಕ್ಕೇ ತೋಚುವುದಿಲ್ಲ. ಪಳ್ಳಿ ಎಲ್ಲಿ, ಬಸ್ಸು ಎಲ್ಲಿ ನಿಲ್ಲುತ್ತದೆ, ನಮ್ಮ ಅನ್ನ ಸಾರು ಎಲ್ಲಿ ಸಿಗ್ತದೆ, ಎಲ್ಲವನ್ನೂ ಕೇಳಬೇಕು. ಒಂದು ವರ್ಷ ಕಳೆದರೆ ಅವನೇ ಹೊಸಬರಿಗೆ ದಾರಿ ಹೇಳುವವನಾಗ್ತಾನೆ. ಈ ನಡುವೆ ಮನುಷ್ಯನಿಗೆ ಏನಾಗ್ತದೆ, ಏನು ಸಿಗ್ತದೆ, ಏನು ಕಳೆದುಹೋಗ್ತದೆ ಎಂಬುದನ್ನು ತಿಳಿಯಬೇಕಾದರೆ ಏಳುನೂರು ವರ್ಷ ಹಿಂದಿನ ಒಬ್ಬರ ಬದುಕನ್ನು ನೋಡಬೇಕು. ಅವರು ನಮ್ಮ ಮಂಗಳೂರಿಗೂ ಬಂದು ಹೋದವರು. ಹೆಸರು ಇಬ್ನ್ ಬತೂತ.

ಮೊರಾಕ್ಕೊದ ಕಡಲ ತೀರದ ಟಾಂಜಿಯರ್ ಪಟ್ಟಣದಲ್ಲಿ, ಖಾಝಿಗಳ ಮನೆತನವೊಂದರಲ್ಲಿ 1304ರಲ್ಲಿ ಹುಟ್ಟಿದವರು ಅವರು. ಮಾಲಿಕೀ ಮದ್‌ಹಬ್‌ನ ಫಿಖ್ಹ್ ಕಲಿತರು. 1325ರ ಜೂನ್‌ನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಜ್ಜ್‌ಗೆಂದು ಒಬ್ಬರೇ ಮನೆ ಬಿಟ್ಟರು. ಜೊತೆಗೆ ಗೆಳೆಯರಿಲ್ಲ, ಕಾಫಿಲಾ ಇಲ್ಲ. ತಂದೆ ತಾಯಿ ಇಬ್ಬರೂ ಆಗ ಬದುಕಿದ್ದರು. ಅಗಲುವ ನೋವು ಎರಡೂ ಕಡೆ ಇತ್ತು.

ದಾರಿಯಲ್ಲಿ ಜ್ವರ ಹಿಡಿಯಿತು. ಜೀನಿನಿಂದ ಬೀಳಬಾರದೆಂದು ಮುಂಡಾಸಿನ ಬಟ್ಟೆಯಲ್ಲಿ ತನ್ನನ್ನೇ ಕಟ್ಟಿಕೊಂಡು ಪ್ರಯಾಣ ಮಾಡಿದರು. ಹಾಗೂ ಹೀಗೂ ಟುನಿಸ್ ಪಟ್ಟಣ ಮುಟ್ಟಿದರು. ಕಾಫಿಲಾ ಬಂತೆಂದು ಊರಿನವರು ಹೊರಗೆ ಬಂದರು. ಅವರವರ ಪರಿಚಯದವರಿಗೆ ಸಲಾಂ ಹೇಳಿದರು, ಅಪ್ಪಿಕೊಂಡರು, ಮನೆಗೆ ಕರೆದುಕೊಂಡು ಹೋದರು. ಈ ಹುಡುಗನಿಗೆ ಸಲಾಂ ಹೇಳುವವರು ಒಬ್ಬರೂ ಇರಲಿಲ್ಲ. ತಡೆದುಕೊಳ್ಳಲಾಗದೆ ಅತ್ತುಬಿಟ್ಟರು. ಒಬ್ಬ ಹಜ್ಜ್ ಯಾತ್ರಿಕ ಅದನ್ನು ಕಂಡು ಹತ್ತಿರ ಬಂದು ಸಲಾಂ ಹೇಳಿ, ಊರೊಳಗೆ ಹೋಗುವ ತನಕ ಮಾತಾಡಿಸುತ್ತಾ ಸಮಾಧಾನ ಮಾಡಿದರು. ವಿಶೇಷವೆಂದರೆ, ಅದೇ ಟುನಿಸ್‌ನಿಂದ ಹಜ್ಜ್ ಕಾಫಿಲಾ ಹೊರಡುವಾಗ ಈ ಹುಡುಗನೇ ಅದರ ಖಾಝಿಯಾಗಿ ಹೊರಟದ್ದು.

ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಅವರು ಊರಿಂದ ಊರಿಗೆ ಹೋದರು. ಈಜಿಪ್ಟ್, ಶಾಮ್, ಮಕ್ಕ, ಇರಾಕ್, ಯಮನ್, ಪೂರ್ವ ಆಫ್ರಿಕಾ, ತುರ್ಕಿ, ಹಿಂದೂಸ್ಥಾನ, ಮಾಲ್ದೀವ್ಸ್, ಸಿಲೋನ್, ಸುಮಾತ್ರಾ, ಚೀನಾ, ಕೊನೆಗೆ ಮಾಲಿ. ಕೆಲವು ಭಾಗಗಳ ಬಗ್ಗೆ, ಮುಖ್ಯವಾಗಿ ಚೀನಾದ ಬಗ್ಗೆ, ಇತಿಹಾಸಕಾರರಿಗೆ ಅನುಮಾನ ಉಂಟು. ಆದರೆ ನಮಗೆ ಇಲ್ಲಿ ಮುಖ್ಯವಾದದ್ದು ಎಷ್ಟು ದೂರ ಹೋದರು ಎನ್ನುವುದಲ್ಲ, ಹೋದಲ್ಲಿ ಹೇಗೆ ಬದುಕಿದರು ಎನ್ನುವುದು. ಊರ ಹೊರಗೆ ನಿಂತು ಕೋಟೆ ಗೋಪುರ ನೋಡಿ ಮುಂದೆ ಹೋಗುವ ಜಾತಿ ಅವರದ್ದಲ್ಲ. ಹೋದ ಕೂಡಲೇ ಪಳ್ಳಿ, ಖಾಝಿ, ಉಸ್ತಾದರು ಎಲ್ಲಿ ಎಂದು ವಿಚಾರಿಸುತ್ತಿದ್ದರು. ಅವರ ಮನೆಯ ಊಟ ಉಣ್ಣುತ್ತಿದ್ದರು. ಆ ಊರಿನ ಕೆಲಸ ಹಿಡಿಯುತ್ತಿದ್ದರು. ಎಷ್ಟೋ ಕಡೆ ಮದುವೆಯೂ ಆದರು.

ಅವರ ಕಣ್ಣಿಗೆ ಬೀಳುತ್ತಿದ್ದುದೂ ಊರಿನವರ ಸಣ್ಣ ಸಣ್ಣ ವಿಷಯಗಳೇ. ದಮಾಸ್ಕಸ್‌ನ ಗಲ್ಲಿಯಲ್ಲಿ ಒಬ್ಬ ಆಳು ಹುಡುಗನ ಕೈಯಿಂದ ಚೀನಾ ಪಿಂಗಾಣಿ ತಟ್ಟೆ ಬಿದ್ದು ಚೂರಾಯಿತು. ಜನ ಸೇರಿದರು. ಚೂರುಗಳನ್ನು ಹೆಕ್ಕಿಕೊಂಡು ವಕ್ಫ್ ನೋಡಿಕೊಳ್ಳುವವರ ಹತ್ತಿರ ಹೋಗಲು ಒಬ್ಬರು ಅವನಿಗೆ ಹೇಳಿದರು. ಅಲ್ಲಿ ಚೂರು ತೋರಿಸಿದಾಗ ಹೊಸ ತಟ್ಟೆಯ ಹಣ ಸಿಕ್ಕಿತು. ಧಣಿಯ ಏಟಿನಿಂದ ಆಳು ಹುಡುಗರನ್ನು ಉಳಿಸಲಿಕ್ಕೆಂದೇ ಆ ಊರಲ್ಲಿ ಒಂದು ವಕ್ಫ್ ಇತ್ತು! ಊರೊಳಗೆ ಹೋಗಿ ಕೂತವರಿಗೆ ಮಾತ್ರ ಇಂಥದ್ದು ಕಾಣ್ತದೆ.

ಭಾಷೆ ಬಾರದ ಕಡೆ ಫಜೀತಿಯೂ ಆಯಿತು. ತುರ್ಕಿಯಲ್ಲಿ ತುಪ್ಪ ಬೇಕೆಂದು ಅರಬಿಯಲ್ಲಿ ಸಮ್ನ್ ಎಂದು ಕೇಳಿದರೆ, ಆಚೆಯವರು ಹುಲ್ಲು ತಂದುಕೊಟ್ಟರು. ತುರ್ಕಿಯಲ್ಲಿ ಸಮಾನ್ ಎಂದರೆ ಒಣಹುಲ್ಲು. ಅಲ್ಲಿಯೇ ಲಾದಿಖ್ ಎಂಬ ಪಟ್ಟಣಕ್ಕೆ ಹೋದಾಗ ಪೇಟೆಯಲ್ಲಿ ಕೆಲವರು ಬಂದು ಇವರ ಕುದುರೆಯ ಕಡಿವಾಣ ಹಿಡಿದರು. ಇನ್ನೊಂದು ಗುಂಪು ಅಡ್ಡ ಬಂತು. ಜಗಳ ಜೋರಾಗಿ ಕತ್ತಿಗಳೂ ಹೊರಬಂದವು. ದರೋಡೆಕೋರರೆಂದು ಇವರು ಹೆದರಿಬಿಟ್ಟರು. ಅರಬಿ ಗೊತ್ತಿದ್ದ ಹಾಜಿಯೊಬ್ಬರು ಬಂದು ವಿಷಯ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಎರಡೂ ಕಡೆಯವರು ಜಗಳ ಮಾಡಿದ್ದು ಈ ಮುಸಾಫಿರನಿಗೆ ಊಟ ಹಾಕುವುದು ಯಾರು ಎಂದು! ಕೊನೆಗೆ ಚೀಟಿ ಎತ್ತಿ ತೀರ್ಮಾನ ಮಾಡಿದರು. ಇವರು ಅಖೀ ಎಂದು ಕರೆಸಿಕೊಳ್ಳುವ ಕೂಟದವರು. ಹಗಲು ದುಡಿದು, ಸಂಜೆ ಸಂಪಾದನೆ ಒಟ್ಟು ಮಾಡಿ, ಪರವೂರಿನವರಿಗೆ ಉಣ್ಣಿಸುವುದೇ ಅವರ ಕ್ರಮ.

1333ರಲ್ಲಿ ಸಿಂಧೂ ನದಿ ಮುಟ್ಟಿ, ಮರುವರ್ಷ ದೆಹಲಿಗೆ ಬಂದರು. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಪರದೇಶದ ವಿದ್ವಾಂಸರಿಗೆ ಕೈತುಂಬ ಕೊಡುತ್ತಿದ್ದ ಕಾಲ. ಬಂದ ಕೆಲವೇ ವಾರಗಳಲ್ಲಿ ಇವರ ಪುಟ್ಟ ಹೆಣ್ಣು ಮಗು ತೀರಿಹೋಯಿತು. ಮೂರನೆಯ ದಿನ ದೆಹಲಿಯ ಪದ್ಧತಿಯಂತೆ ಕಬ್‌ರಿನ ಬಳಿ ಹಾಸು ಹಾಸಿ, ಹೂ ಇಟ್ಟು, ಕುರ್‌ಆನ್ ಓದಿಸಿ, ಬಂದವರಿಗೆ ಪನ್ನೀರು ಚಿಮುಕಿಸಿ ವೀಳ್ಯ ಕೊಟ್ಟರು. ತನ್ನ ಊರಿನಲ್ಲಿ ಕಾಣದ ಕ್ರಮ ಅದು. ಆದರೆ ಮಗುವನ್ನು ಆ ಮಣ್ಣಿಗೆ ಕೊಟ್ಟ ಮೇಲೆ ದೆಹಲಿ ಅವರಿಗೆ ಪೂರ್ತಿ ಪರವೂರಾಗಿ ಉಳಿಯಲಿಲ್ಲ.

ಸುಲ್ತಾನ ಅವರನ್ನು ದೆಹಲಿಯ ಖಾಝಿ ಮಾಡಿದ. ವರ್ಷಕ್ಕೆ 12,000 ದೀನಾರ್ ಸಂಬಳ. ಊರಿನ ಭಾಷೆ ಗೊತ್ತಿಲ್ಲ, ಅಲ್ಲಿನವರು ಹನಫೀ, ಇವರು ಮಾಲಿಕೀ. ಅದನ್ನು ಮೊದಲೇ ಹೇಳಿದರು. ಸಹಾಯಕ್ಕೆ ಇಬ್ಬರನ್ನು ಕೊಟ್ಟರು. ದೊಡ್ಡ ಸಂಬಳದ ಜೊತೆ ದೊಡ್ಡ ಖರ್ಚೂ ಬಂತು. ದರ್ಬಾರಿನವರಂತೆ ಬದುಕಲು ಹೋಗಿ ಸಾಲ 55,000 ದೀನಾರ್‌ಗೆ ಮುಟ್ಟಿತು. ಕೊನೆಗೆ ಸುಲ್ತಾನನೇ ತೀರಿಸಬೇಕಾಯಿತು. ಪರವೂರಲ್ಲಿ ಊರಿನವರ ಹಾಗೆ ಕಾಣಬೇಕೆಂದು ಸಾಲ ಮಾಡುವ ರೋಗ ಇಂದಿನದ್ದು ಮಾತ್ರ ಅಲ್ಲ! ಮುಂದೆ ಅದೇ ಸುಲ್ತಾನನಿಗೆ ಇವರ ಮೇಲೆ ಸಂಶಯ ಬಂತು. ಸುಲ್ತಾನನ ಸಿಟ್ಟಿಗೆ ಗುರಿಯಾದ ಒಬ್ಬ ಶೈಖ್‌ರನ್ನು ಇವರು ಭೇಟಿ ಮಾಡಿದ್ದೇ ತಪ್ಪಾಯಿತು. ಕಾವಲು ಬಿತ್ತು, ದಿನಗಟ್ಟಲೆ ಉಪವಾಸ ಮಾಡಿ ದುಆ ಮಾಡುತ್ತಾ ಕೂತರು. ಶೈಖ್‌ರಿಗೆ ಮರಣದಂಡನೆ ಆಯಿತು, ಇವರು ಉಳಿದುಕೊಂಡರು. ಇದ್ದದ್ದನ್ನೆಲ್ಲ ಹಂಚಿ ಫಕೀರನಂತೆ ಕೆಲವು ತಿಂಗಳು ಕಳೆದರು. ಆಮೇಲೆ ಸುಲ್ತಾನ ಮತ್ತೆ ಕರೆಸಿ ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ.

ಆ ರಾಯಭಾರದ ದಾರಿಯಲ್ಲೇ, 1342ರ ಸುಮಾರಿಗೆ, ಅವರು ನಮ್ಮ ಕರಾವಳಿಗೆ ಬಂದದ್ದು. ಹೊನ್ನಾವರ, ಬಸ್ರೂರು, ಬಾರ್ಕೂರು ದಾಟಿ ಮಂಗಳೂರು. ಅವರ ಬಾಯಲ್ಲಿ ನಮ್ಮ ಊರು ಮಂಜರೂರ್. ದೊಡ್ಡ ಅಳಿವೆಯ ಮೇಲಿನ ದೊಡ್ಡ ಪಟ್ಟಣ, ಕಾಳುಮೆಣಸು ಶುಂಠಿ ಯಥೇಚ್ಛ, ಫಾರಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಳಿಯುವ ಜಾಗ ಎಂದು ಅವರು ದಾಖಲಿಸಿದ್ದಾರೆ. ಊರ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ವಾಸವಿದ್ದರು. ಅವರಿಗೂ ಊರಿನವರಿಗೂ ಆಗಾಗ ಜಗಳ ಆಗುತ್ತಿತ್ತು. ವ್ಯಾಪಾರಿಗಳು ಬೇಕಾದ್ದರಿಂದ ಅರಸ ರಾಮದೇವ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ. ಅಲ್ಲಿನ ಖಾಝಿ ಬದ್ರುದ್ದೀನ್ ಮಅಬರೀ, ಶಾಫಿಈ ಮದ್‌ಹಬ್‌ನವರು, ದರ್ಸ್ ನಡೆಸುತ್ತಿದ್ದ ಉದಾರಿ. ನಮ್ಮ ಕರಾವಳಿಯಲ್ಲಿ ಶಾಫಿಈ ದರ್ಸ್ ಎಷ್ಟು ಹಳೆಯದು ಎಂಬುದಕ್ಕೆ ಇದೊಂದು ಸಾಕ್ಷಿ.

ಖಾಝಿ ಹಡಗಿಗೇ ಬಂದು ಇಳಿಯಬೇಕೆಂದು ಕರೆದರು. ಆದರೆ ಇಬ್ನ್ ಬತೂತ ಆಗ ರಾಯಭಾರಿ. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸಿದರೆ ಮಾತ್ರ ಇಳಿಯುವುದು ಎಂದರು. ಹಾಗೆಯೇ ಆಯಿತು. ಮೂರು ದಿನ ಮರ್ಯಾದೆಯಿಂದ ಇದ್ದು ಹೋದರು. ಇದು ನಮಗೆ ಸ್ವಲ್ಪ ಬೇಸರದ ವಿಷಯವೇ. ಎಷ್ಟೋ ಊರುಗಳಲ್ಲಿ ಊರಿನವರಾಗಿ ಬದುಕಿದವರು ನಮ್ಮಲ್ಲಿಗೆ ಮಾತ್ರ ದೊಡ್ಡ ಅತಿಥಿಯಾಗಿ ಬಂದರು.

ದೊಡ್ಡಸ್ತಿಕೆ ಹೆಚ್ಚು ದಿನ ಉಳಿಯಲಿಲ್ಲ. ಕಲ್ಲಿಕೋಟೆಯಲ್ಲಿ ಜುಮಾ ನಮಾಝ್‌ಗೆಂದು ದಡದಲ್ಲಿ ಉಳಿದಿದ್ದರು. ರಾತ್ರಿ ಬಿರುಗಾಳಿ ಎದ್ದು ಸುಲ್ತಾನನ ಉಡುಗೊರೆ ತುಂಬಿದ ಹಡಗು ಒಡೆಯಿತು. ಇವರ ಸಾಮಾನು, ಜನ ಇದ್ದ ಇನ್ನೊಂದು ಹಡಗು ಇವರನ್ನು ಬಿಟ್ಟು ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಹಾಸು. ದೆಹಲಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೊನ್ನಾವರದ ಸುಲ್ತಾನ ಜಮಾಲುದ್ದೀನರ ಆಶ್ರಯಕ್ಕೆ ಹೋದರು. ದಿನವಿಡೀ ಪಳ್ಳಿಯಲ್ಲಿ ಕೂತು ಕುರ್‌ಆನ್ ಓದಿ ಮುಗಿಸುತ್ತಿದ್ದರು.

ಹೊನ್ನಾವರವನ್ನು ಅವರು ನಿಜವಾಗಿ ಕಂಡರು. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳು. ಹೆಂಗಸರೆಲ್ಲ ಕುರ್‌ಆನ್ ಬಾಯಿಪಾಠ ಮಾಡಿದವರು. ಹೊಲಿಗೆ ಇಲ್ಲದ ಉದ್ದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆಗೂ ಎದೆಗೂ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ಮೂಗುತಿ. ಊಟವೋ, ತಾಮ್ರದ ಸಟ್ಟುಗದಿಂದ ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ, ಕೊನೆಗೆ ಮೊಸರು. ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲ ಎಂದು ಬಿಸಿನೀರು. ಇಂದಿಗೂ ನಮ್ಮಲ್ಲಿ ಇದೇ ಅಲ್ವಾ? ರೊಟ್ಟಿ ತಿಂದು ಬೆಳೆದ ಮನುಷ್ಯ ಅಲ್ಲಿ ಹನ್ನೊಂದು ತಿಂಗಳು ಬರೀ ಅನ್ನ ಉಂಡರು. ಅನ್ನ ಸಾಕಾಗಿ, ನೀರು ಕುಡಿದು ನುಂಗುವ ಸ್ಥಿತಿಯೂ ಬಂತಂತೆ.

ನಮ್ಮ ಕಡಲಲ್ಲೇ ಅವರಿಗೆ ಇನ್ನೊಂದು ಪೆಟ್ಟೂ ಬಿತ್ತು. ಮುಂದೊಮ್ಮೆ ಹೊನ್ನಾವರಕ್ಕೆ ಬರುವಾಗ ಅದಕ್ಕೂ ಬಾರ್ಕೂರಿಗೂ ನಡುವೆ ಕಡಲ್ಗಳ್ಳರು ಹಡಗು ಮುತ್ತಿ, ಉಟ್ಟ ಷರಾಯಿ ಒಂದು ಬಿಟ್ಟು ಎಲ್ಲ ಕಸಿದರು. ಕಲ್ಲಿಕೋಟೆಯ ಪಳ್ಳಿಗೆ ಹೋಗಿ ಕೂತರು. ಒಬ್ಬ ಫಖೀಹ್ ಬಟ್ಟೆ ಕಳಿಸಿದರು, ಖಾಝಿ ಮುಂಡಾಸು ಕಳಿಸಿದರು, ವ್ಯಾಪಾರಿಯೊಬ್ಬರು ಇನ್ನೊಂದು ಬಟ್ಟೆ ಕೊಟ್ಟರು.

ಊರಿಗೆ ಹೊಂದಿಕೊಳ್ಳಲು ಅವರು ಸೋತ ಜಾಗವೂ ಉಂಟು. ಅದು ಮಾಲ್ದೀವ್ಸ್. ಅಲ್ಲಿ ಪ್ರತಿ ಮನೆಯ ಬಾಗಿಲಲ್ಲಿ ನೀರಿನ ಭರಣಿ, ತೆಂಗಿನ ಚಿಪ್ಪಿನ ಸೌಟು, ಕಾಲು ತೊಳೆದೇ ಒಳಗೆ ಹೋಗುವುದು. ಅಲ್ಲಿನ ಮೀನು, ತೆಂಗು, ಶುಚಿ ಎಲ್ಲ ಹಿಡಿಸಿತು. ಖಾಝಿಯಾದರು, ಮದುವೆಗಳಾದರು. ಆದರೆ ಮೆದು ಸ್ವಭಾವದ ಆ ಜನರ ಮೇಲೆ ಕೋಲು ಹಿಡಿದು ಕಾನೂನು ನಡೆಸಲು ಹೊರಟರು. ಕೈ ಕಡಿಯುವ ತೀರ್ಪು ಕೊಟ್ಟಾಗ ಸಭೆಯಲ್ಲಿದ್ದ ಕೆಲವರು ಎಚ್ಚರ ತಪ್ಪಿ ಬಿದ್ದರು. ಹೆಂಗಸರ ಉಡುಗೆ ಬದಲಿಸಲು ನೋಡಿದರು, ಕೋರ್ಟಿನ ಬಾಗಿಲಿನ ಆಚೆ ಅದು ನಡೆಯಲಿಲ್ಲ. ವಝೀರರ ಜೊತೆ ಮನಸ್ತಾಪವಾಗಿ 1344ರಲ್ಲಿ ಊರು ಬಿಟ್ಟರು. ಮುಂದೊಮ್ಮೆ ಅಲ್ಲಿ ಹುಟ್ಟಿದ ಮಗನನ್ನು ನೋಡಲು ಬಂದರು. ಎರಡು ವರ್ಷದ ಮಗು. ತಾಯಿಯ ಬಳಿ, ಅವನ ಊರಲ್ಲೇ ಇರುವುದು ಒಳ್ಳೆಯದೆಂದು ಬಿಟ್ಟು ಹೋದರು.

ಈ ಬದುಕಿನ ಲೆಕ್ಕ ಕೊನೆಗೆ ಬಂತು. 1348ರಲ್ಲಿ ಮತ್ತೆ ದಮಾಸ್ಕಸ್ ಮುಟ್ಟಿದಾಗ, ಯೌವನದಲ್ಲಿ ಅಲ್ಲಿ ಬಿಟ್ಟುಹೋದ ಹೆಂಡತಿಗೆ ಹುಟ್ಟಿದ ಮಗನ ಬಗ್ಗೆ ವಿಚಾರಿಸಿದರು. ಹುಡುಗ ಹನ್ನೆರಡು ವರ್ಷ ಹಿಂದೆಯೇ ತೀರಿಹೋಗಿದ್ದ. ತಂದೆ ಹೋಗಿ ಹದಿನೈದು ವರ್ಷ ಆಗಿತ್ತೆಂದು ಊರಿನ ವಿದ್ವಾಂಸರೊಬ್ಬರಿಂದ ಗೊತ್ತಾಯಿತು. ಅದು ಪ್ಲೇಗ್ ಜಗತ್ತನ್ನೇ ನುಂಗುತ್ತಿದ್ದ ಕಾಲ. 1349ರಲ್ಲಿ ಮೊರಾಕ್ಕೊ ಮುಟ್ಟಿ, ಊರಿಗೆ ಇನ್ನೂ ದಾರಿ ಇರುವಾಗಲೇ ತಾಯಿಯೂ ಪ್ಲೇಗಿಗೆ ತೀರಿದ ಸುದ್ದಿ ಸಿಕ್ಕಿತು. ಇಪ್ಪತ್ತನಾಲ್ಕು ವರ್ಷದ ನಂತರ ಟಾಂಜಿಯರ್‌ಗೆ ಹೋದದ್ದು ಉಮ್ಮನ ಕಬ್‌ರ್ ಝಿಯಾರತ್‌ಗೆ. ನೂರು ಊರಿನವರಾಗಿದ್ದ ಮನುಷ್ಯನಿಗೆ ಸ್ವಂತ ಊರಲ್ಲಿ ಬಾಗಿಲು ತೆರೆಯುವವರು ಉಳಿದಿರಲಿಲ್ಲ.

ಮಾಲಿಯ ಪ್ರಯಾಣವನ್ನೂ ಮುಗಿಸಿ ಬಂದ ಮೇಲೆ, ಮೊರಾಕ್ಕೊದ ಸುಲ್ತಾನನ ಆಜ್ಞೆಯಂತೆ ಅವರು ಹೇಳಿದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸರು ಬರೆದುಕೊಂಡರು. 1355ರಲ್ಲಿ ಮುಗಿದ ಆ ಗ್ರಂಥವೇ ರಿಹ್ಲ. ಆಮೇಲೆ ಮೊರಾಕ್ಕೊದಲ್ಲೇ ಖಾಝಿಯಾಗಿದ್ದು, 1368-69ರ ಸುಮಾರಿಗೆ ತೀರಿಕೊಂಡರು.

ಅಷ್ಟೆಲ್ಲ ಅರಸರು, ಅರಮನೆಗಳನ್ನು ಕಂಡ ಮನುಷ್ಯ, ಮೂವತ್ತು ವರ್ಷದ ನಂತರ ಕತೆ ಹೇಳುವಾಗಲೂ ಟುನಿಸ್‌ನಲ್ಲಿ ಅತ್ತದ್ದನ್ನೂ, ಹತ್ತಿರ ಬಂದು ಸಲಾಂ ಹೇಳಿದ ಆ ಯಾತ್ರಿಕನನ್ನೂ ಮರೆತಿರಲಿಲ್ಲ. ನಮ್ಮ ಮಕ್ಕಳು ದಮ್ಮಾಮ್‌ನಲ್ಲಿ, ದುಬೈಯಲ್ಲಿ ಅಂಥ ಒಂದು ಸಲಾಂಗೆ ಕಾದವರೇ. ಈಗ ಕೆಲಸ ಹುಡುಕಿ ಎಲ್ಲೆಲ್ಲಿಂದಲೋ ಮಂಗಳೂರಿಗೆ ಬಂದ ಹುಡುಗರೂ ಜುಮಾ ದಿನ ನಮ್ಮ ಪಳ್ಳಿಯ ಹಿಂದಿನ ಸಾಲಿನಲ್ಲಿ ಕೂತಿರ್ತಾರೆ. ನಮಾಝ್ ಮುಗಿದು ನಾವು ನಮ್ಮ ಪರಿಚಯದವರ ಕೈ ಕುಲುಕಿ ಹೊರಗೆ ಬರುವಾಗ, ಅವರ ಕಡೆಗೂ ಒಮ್ಮೆ ತಿರುಗಿ ನೋಡುವ.