ರಿಪೋರ್ಟ್ ಪಾಸಿಟಿವ್ ಬಂದರೆ ಕಾಯಿಲೆ ಇದೆ ಎಂದೇ ಅರ್ಥವೇ? ಥಾಮಸ್ ಬೇಯ್ಸ್ ಬಿಟ್ಟುಹೋದ ಲೆಕ್ಕ

ಶೇ 90ರಷ್ಟು ನಿಖರವಾದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ, ಕಾಯಿಲೆ ಇರುವ ಸಾಧ್ಯತೆಯೂ ಶೇ 90 ಎಂದು ಹಲವರು ನಂಬುತ್ತಾರೆ. ಇದು ತಪ್ಪು. ಸರಿಯಾದ ಲೆಕ್ಕಕ್ಕೆ ದಾರಿ ಮಾಡಿಕೊಟ್ಟವರು 18ನೇ ಶತಮಾನದ ಒಬ್ಬ ಪಾದ್ರಿ.

ಥಾಮಸ್ ಬೇಯ್ಸ್ ಇಂಗ್ಲೆಂಡಿನಲ್ಲಿ 1701ರ ಸುಮಾರಿಗೆ ಹುಟ್ಟಿದರು. ತಂದೆ ಜೋಶುವಾ ಕೂಡ ಪಾದ್ರಿ. ಕುಟುಂಬ ಅಲ್ಲಿನ ಅಧಿಕೃತ ಚರ್ಚಿಗೆ ಸೇರಿರಲಿಲ್ಲ. ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ 1719ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ ತರ್ಕಶಾಸ್ತ್ರ, ದೇವತಾಶಾಸ್ತ್ರ ಓದಿದರು. ಮುಂದೆ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಪಾದ್ರಿಯಾದರು. 1736ರಲ್ಲಿ ನ್ಯೂಟನ್‌ರ ಗಣಿತವನ್ನು ಸಮರ್ಥಿಸಿ, ತಮ್ಮ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದರು. 1742ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಕಾರಣ ಗೊತ್ತಿದ್ದರೆ ಫಲಿತಾಂಶ ಊಹಿಸುವುದು ಸುಲಭ. ಬೇಯ್ಸ್ ಹಿಂದುಮುಂದಾಗಿ ಕೇಳಿದರು: ಕಂಡ ಫಲಿತಾಂಶದಿಂದ ಕಾಣದ ಕಾರಣವನ್ನು ಎಷ್ಟರಮಟ್ಟಿಗೆ ಊಹಿಸಬಹುದು? ಈ ಕುರಿತ ಬರಹವನ್ನು ಪ್ರಕಟಿಸದೆಯೇ 1761ರ ಏಪ್ರಿಲ್ 7ರಂದು ತೀರಿಕೊಂಡರು. ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಅವರ ಕಾಗದಪತ್ರಗಳಲ್ಲಿ ಕಂಡು, ತಿದ್ದಿ ರಾಯಲ್ ಸೊಸೈಟಿಗೆ ಕಳುಹಿಸಿದರು. 1763ರ ಡಿಸೆಂಬರ್‌ನಲ್ಲಿ ಅದನ್ನು ಅಲ್ಲಿ ಓದಲಾಯಿತು. ಫ್ರಾನ್ಸಿನ ಲಾಪ್ಲಾಸ್ 1774ರಲ್ಲಿ ಸ್ವತಂತ್ರವಾಗಿ ಇದೇ ವಿಚಾರ ತಲುಪಿ, ಅದನ್ನು ಬೆಳೆಸಿದರು. ಅಂದಹಾಗೆ, ಇಂಟರ್‌ನೆಟ್‌ನಲ್ಲಿ ಬೇಯ್ಸ್‌ರದೆಂದು ಹರಿದಾಡುವ ಚಿತ್ರ ಅವರದೇ ಎನ್ನಲು ಗಟ್ಟಿ ಆಧಾರವಿಲ್ಲ.

ಈಗ ಅವರ ವಿಚಾರವನ್ನು ಲ್ಯಾಬ್ ರಿಪೋರ್ಟ್‌ಗೆ ಹಚ್ಚಿ ನೋಡೋಣ. ಯಾವ ಲಕ್ಷಣವೂ ಇಲ್ಲದ 1,000 ಜನ ಸ್ಕ್ರೀನಿಂಗ್ ಮಾಡಿಸಿಕೊಂಡರು ಎಂದುಕೊಳ್ಳಿ. ಅವರಲ್ಲಿ 10 ಜನರಿಗೆ ಕಾಯಿಲೆ ಇದೆ. ಪರೀಕ್ಷೆ ಕಾಯಿಲೆ ಇರುವವರಲ್ಲೂ ಇಲ್ಲದವರಲ್ಲೂ ಶೇ 90ರಷ್ಟು ಸರಿ ಹೇಳುತ್ತದೆ.

- ಕಾಯಿಲೆ ಇರುವ 10 ಜನರಲ್ಲಿ ಪಾಸಿಟಿವ್: 9
- ಕಾಯಿಲೆ ಇಲ್ಲದ 990 ಜನರಲ್ಲಿ ತಪ್ಪಾಗಿ ಪಾಸಿಟಿವ್: 99

ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದವು 9 ಮಾತ್ರ. ಅಂದರೆ ಕಾಯಿಲೆ ಇರುವ ಸಾಧ್ಯತೆ ಸುಮಾರು ಶೇ 8. ಕಾಯಿಲೆ ಅಪರೂಪವಾದಷ್ಟೂ ಸುಳ್ಳು ಪಾಸಿಟಿವ್‌ಗಳ ಪಾಲು ಹೆಚ್ಚುತ್ತದೆ.

ಹಾಗೆಂದು ರಿಪೋರ್ಟನ್ನು ಮೂಲೆಗೆ ಎಸೆಯಬೇಡಿ. ಪರೀಕ್ಷೆಗೆ ಮೊದಲು ಶೇ 1 ಇದ್ದ ಸಾಧ್ಯತೆ ಈಗ ಶೇ 8ಕ್ಕೆ ಏರಿದೆ. ರೋಗಲಕ್ಷಣ ಇದ್ದವರಿಗೆ ಸಾಧ್ಯತೆ ಮೊದಲೇ ಹೆಚ್ಚಿರುತ್ತದೆ, ಆದ್ದರಿಂದ ಅದೇ ಪಾಸಿಟಿವ್‌ಗೆ ತೂಕವೂ ಹೆಚ್ಚು. ಖಚಿತಪಡಿಸುವ ಎರಡನೇ ಪರೀಕ್ಷೆ ಬೇಕಾಗುವುದು ಇದಕ್ಕೇ. ನಮ್ಮ ದೇಶದಲ್ಲಿ ಲಕ್ಷಣವಿಲ್ಲದವರನ್ನು ಎಚ್‌ಐವಿ ಪಾಸಿಟಿವ್ ಎಂದು ಹೇಳುವ ಮೊದಲು ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸುವ ನಿಯಮ ಇರುವುದೂ ಇಂಥ ತಪ್ಪು ತಡೆಯಲು.

ಮನೆಯಲ್ಲಿ ಯಾರಿಗಾದರೂ ಸ್ಕ್ರೀನಿಂಗ್‌ನಲ್ಲಿ ಪಾಸಿಟಿವ್ ಬಂದರೆ ಗಾಬರಿಯಾಗಿ ಔಷಧ ಶುರು ಮಾಡಬೇಡಿ. ಖಚಿತಪಡಿಸುವ ಪರೀಕ್ಷೆ ಯಾವುದು ಎಂದು ವೈದ್ಯರನ್ನು ಕೇಳಿ.